ಮರಳಿ ಬಂದ ಗಂಟು

ಕಳೆದ ಸಂಚಿಕೆಯಲ್ಲಿ ಮಕ್ಕಳ ಕೈಬರಹದ ಬಗೆಗೆ ಬರೆಯುವೆವೆಂದು ಮಾತು ಕೊಟ್ಟಿದ್ದೆವು. ಆ ಮಾತನ್ನು ಮುಂದೂಡಬೇಕಾಗಿದೆ. ಕಾರಣವನ್ನು ಹೇಳಿಬಿಡುತ್ತೇವೆ.

ನಮ್ಮ ಶಾಲೆಯಲ್ಲಿ ಸ್ವಾತಂತ್ರ್ಯ ದಿನದಂದು ಧ್ವಜವನ್ನು ಏರಿಸುವವರು ಊರಿನ ಒಬ್ಬ ನಿವೃತ್ತ ಹವಾಲ್ದಾರರು. ಇದೇ ಶಾಲೆಯಲ್ಲಿ ಕನ್ನಡ ಅಕ್ಷರ ತಿದ್ದಿದವರು, ನಮಗಿಂತ ಹಲವು ತರಗತಿಗಳಷ್ಟು ಹಿರಿಯರು. ಈಗ ಅವರಿಗೆ ಅರವತ್ತಾರು. ಇಸ್ತ್ರಿ ಮಾಡಿದ ಅಂಗಿಯ ಕೊರಳಗುಂಡಿಯನ್ನು ಹಾಕಿಕೊಳ್ಳದೆ ಅವರು ಎಂದೂ ಧ್ವಜಸ್ತಂಭದ ಬಳಿಗೆ ಬಂದವರಲ್ಲ. ಈ ಸಲ ಆ ಗುಂಡಿ ತೆರೆದಿತ್ತು. ಮಕ್ಕಳಿಗೆ ಸಿಹಿ ಹಂಚಿ ಮುಗಿದ ಬಳಿಕ ನಮ್ಮ ಕೋಣೆಗೆ ಬಂದು ಒಂದು ದಪ್ಪ ಕಡತವನ್ನು ಮೇಜಿನ ಮೇಲಿಟ್ಟರು. ಕುತ್ತಿಗೆಯ ಎಡಬದಿಯಲ್ಲಿ, ಕಿವಿಯ ಕೆಳಗೆ, ನೆಲ್ಲಿಕಾಯಿ ಗಾತ್ರದ ಗಂಟು. ಎರಡು ವರ್ಷದ ಹಿಂದೆ ಬಂದು, ಔಷಧದಿಂದ ಕರಗಿ, ಹದಿನೈದು ತಿಂಗಳು ಕಾಣೆಯಾಗಿದ್ದುದು ಅದೇ ಜಾಗಕ್ಕೆ ಮರಳಿದೆ.

ಕಡತದಲ್ಲಿದ್ದ ಕಾಗದಗಳಲ್ಲಿ ಅರ್ಧ ಇಂಗ್ಲಿಷಿನವು, ಉಳಿದವು ಮಲಯಾಳದವು. ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಒಪ್ಪಿಗೆಯ ಪತ್ರದ ಕೆಳಗೆ ಮಾತ್ರ ಅವರ ಸಹಿ ಕನ್ನಡದಲ್ಲಿತ್ತು. "ಮಾಸ್ತರರೇ, ಇದರಲ್ಲಿ ಏನಿದೆಯೆಂದು ಓದಿ ಹೇಳಿ. ಎರಡನೆಯ ಸಲ ಬಂದರೆ ಎಷ್ಟು ಕಾಲ ಎಂಬುದನ್ನೂ ಹೇಳಿ" ಎಂದರು. ಸಹಿ ಹಾಕುವಾಗ ಯಾರೂ ಓದಿ ಹೇಳಲಿಲ್ಲವೇ ಎಂದು ಕೇಳಲು ನಮಗೆ ನಾಚಿಕೆಯಾಯಿತು. ಗಡಿನಾಡಿನಲ್ಲಿ ನಾವೆಲ್ಲರೂ ಹಾಗೆಯೇ ಎಷ್ಟು ಕಾಗದಗಳಿಗೆ ಸಹಿ ಹಾಕಿಲ್ಲ!

ನಾವು ವೈದ್ಯರಲ್ಲ. ಓದಿ ಹೇಳುವೆವೆಂದು ಒಪ್ಪಿ, ಮೂರು ವಾರ ಓದಿದೆವು. ಈ ಕಾಯಿಲೆ ಮರುಕಳಿಸಿದವರ ಗತಿಯೇನೆಂಬುದನ್ನು ಹುಡುಕುತ್ತ ಹೋದಾಗ ಮತ್ತೆ ಮತ್ತೆ ಎದುರಾದವರು ಅಮೆರಿಕದ ಮಾಜಿ ಯೋಧರು. ಆದ್ದರಿಂದ ಈ ತಿಂಗಳು ಅವರ ಕತೆ.

ಶಿಕ್ಷಕ ತರಬೇತಿಯ ಕಾಲದಲ್ಲಿ ನಮಗೆ ಕಲಿಸಿದ ಮೊದಲ ಸೂತ್ರ, ತಿಳಿದುದರಿಂದ ತಿಳಿಯದುದಕ್ಕೆ ಹೋಗಬೇಕೆಂಬುದು. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿಯಲ್ಲಿ ಗಡ್ಡೆಯಂತೆ ಬಾತುಕೊಳ್ಳುವುದನ್ನು ಎಲ್ಲರೂ ಬಲ್ಲರು. ಅದು ದುಗ್ಧಗ್ರಂಥಿ. ದೇಹದೊಳಗೆ ರಕ್ತನಾಳಗಳಂತೆಯೇ ದುಗ್ಧರಸದ ನಾಳಗಳೂ ಹರಡಿವೆ. ದಾರಿಯುದ್ದಕ್ಕೂ ಠಾಣೆಗಳಂತೆ ಈ ಗ್ರಂಥಿಗಳು. ಠಾಣೆಯ ಕಾವಲುಗಾರರು ಲಿಂಫೋಸೈಟುಗಳೆಂಬ ಬಿಳಿಯ ಕಣಗಳು. ಅವುಗಳಲ್ಲಿ 'ಬಿ' ಎಂಬ ಜಾತಿಯ ಕಣವೊಂದು ನಿಯಮ ತಪ್ಪಿ ತನ್ನಂಥವನ್ನೇ ಹುಟ್ಟಿಸುತ್ತ ಹೋದರೆ ಅದು ಲಿಂಫೋಮಾ, ಎಂದರೆ ಕಾವಲುಗಾರನೇ ದಂಗೆಯೇಳುವ ಕಾಯಿಲೆ. ಇದರಲ್ಲಿ ವರ್ಷಗಟ್ಟಲೆ ನಿಧಾನವಾಗಿ ಸಾಗುವ ಬಗೆಗಳಿವೆ, ವಾರಗಳಲ್ಲಿ ಬೆಳೆಯುವ ಉಗ್ರ ಬಗೆಗಳೂ ಇವೆ. ಉಗ್ರವಾದವುಗಳಲ್ಲಿ ಅತಿ ಸಾಮಾನ್ಯವಾದುದಕ್ಕೆ ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ ಎಂಬ ಉದ್ದದ ಹೆಸರು. ನಮ್ಮ ಹವಾಲ್ದಾರರದು ಅದೇ. ಇಲ್ಲೊಂದು ವಿಚಿತ್ರವಿದೆ. ನಿಧಾನದ ಬಗೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ, ಬೇರುಸಹಿತ ಹೋಗುವುದು ಅಪರೂಪ. ಉಗ್ರವಾದುದು ಬೇಗ ಕೊಲ್ಲಬಲ್ಲುದು, ಆದರೆ ಸಂಪೂರ್ಣ ಗುಣವಾಗಲೂ ಬಲ್ಲುದು. ವೇಗವಾಗಿ ವಿಭಜಿಸುವ ಕಣವೇ ಔಷಧದ ಏಟಿಗೂ ಬೇಗ ಸಿಕ್ಕುತ್ತದೆ.

ಈ ಔಷಧಗಳ ಹುಟ್ಟೂ ಯುದ್ಧದೊಡನೆ ಹೆಣೆದುಕೊಂಡಿದೆ. ಮೊದಲ ಮಹಾಯುದ್ಧದಲ್ಲಿ ಬಳಸಿದ ಸಾಸಿವೆ ಅನಿಲವು ಸೈನಿಕರ ಚರ್ಮವನ್ನು ಸುಡುವುದಷ್ಟೇ ಅಲ್ಲ, ಅವರ ಬಿಳಿಯ ರಕ್ತಕಣಗಳನ್ನೂ ಅಳಿಸುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗುಡ್‌ಮನ್ ಮತ್ತು ಗಿಲ್‌ಮನ್ ಎಂಬ ವಿಜ್ಞಾನಿಗಳು, ಆ ಕಣಗಳೇ ಮಿತಿಮೀರಿ ಬೆಳೆಯುವ ಕಾಯಿಲೆಗೆ ಇದೇ ಮದ್ದಾಗಬಾರದೇಕೆಂದು ಯೋಚಿಸಿದರು. 1942ರ ಆಗಸ್ಟಿನಲ್ಲಿ, ಇತರ ಉಪಾಯಗಳೆಲ್ಲ ಸೋತಿದ್ದ ಒಬ್ಬ ಲಿಂಫೋಮಾ ರೋಗಿಗೆ ನೈಟ್ರೋಜನ್ ಮಸ್ಟರ್ಡ್ ಎಂಬ ಅದರ ಸೋದರ ವಸ್ತುವನ್ನು ಚುಚ್ಚಲಾಯಿತು. ಕೆಲವೇ ದಿನಗಳಲ್ಲಿ ಗಂಟುಗಳು ಮೆತ್ತಗಾಗಿ ಕರಗಿದವು. ಕೆಲವು ವಾರಗಳ ಬಳಿಕ ಮರಳಿ ಬಂದವು. ಅದೇ ವರ್ಷಾಂತ್ಯದಲ್ಲಿ ರೋಗಿ ತೀರಿಕೊಂಡರು. ಈ ಚಿಕಿತ್ಸೆಯ ಮೊದಲ ಅಧ್ಯಾಯದಲ್ಲಿಯೇ ಮರುಕಳಿಕೆಯ ಸಂಗತಿಯೂ ಬರೆದುಹೋಯಿತು. ಯುದ್ಧರಹಸ್ಯವಾದ್ದರಿಂದ ಲೋಕಕ್ಕೆ ಇದು ತಿಳಿದದ್ದು 1946ರಲ್ಲಿ. ಈ ನಡುವೆ 1943ರ ಡಿಸೆಂಬರ್ 2ರಂದು ಇಟಲಿಯ ಬಾರಿ ಬಂದರಿನ ಮೇಲೆ ಜರ್ಮನ್ ವಿಮಾನಗಳು ಬಾಂಬಿಕ್ಕಿದಾಗ, ಸಾಸಿವೆ ಬಾಂಬುಗಳನ್ನು ಗುಟ್ಟಾಗಿ ತುಂಬಿಕೊಂಡಿದ್ದ 'ಜಾನ್ ಹಾರ್ವಿ' ಎಂಬ ಅಮೆರಿಕನ್ ಹಡಗು ಸಿಡಿಯಿತು. ವಿಷ ತಗಲಿದ ಆರುನೂರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದ ಸೇನಾವೈದ್ಯ ಸ್ಟೂವರ್ಟ್ ಅಲೆಕ್ಸಾಂಡರ್ ಅವರ ವರದಿಯೂ ಬಿಳಿಕಣಗಳ ನಾಶವನ್ನೇ ಎತ್ತಿ ಹೇಳಿತು.

ಇಂದಿಗೂ ಈ ಕಾಯಿಲೆಗೆ ಮೊದಲು ಕೊಡುವ ಔಷಧಗಳ ಕೂಟಕ್ಕೆ 'ಚಾಪ್' ಎಂದು ಹೆಸರು. ನಾಲ್ಕು ಔಷಧಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದ್ದು. ಅದರಲ್ಲಿ ಒಂದು, ಸೈಕ್ಲೋಫಾಸ್ಫಮೈಡ್, ಆ ಸಾಸಿವೆ ವಿಷದ ಮೊಮ್ಮಗ. ಎರಡನೆಯದು ಡಾಕ್ಸೋರುಬಿಸಿನ್, ಬಾರಿ ನಗರವಿರುವ ಅಪುಲಿಯಾ ಪ್ರಾಂತದ ಮಣ್ಣಿನಲ್ಲಿಯೇ ದೊರೆತ ಸೂಕ್ಷ್ಮಜೀವಿಯಿಂದ ಬಂದ ಕೆಂಪು ಔಷಧ. ಮೂರನೆಯದು ವಿನ್‌ಕ್ರಿಸ್ಟೀನ್. ಇದು ಯಾವುದರಿಂದ ಬಂತೆಂದು ತಿಳಿದಾಗ ನಾವು ಕಿಟಕಿಯಿಂದ ಹೊರಗೆ ನೋಡಿದೆವು. ನಮ್ಮ ಶಾಲೆಯ ಕಟ್ಟೆಯ ಬಳಿ ನೀರೆರೆಯದಿದ್ದರೂ ಹನ್ನೆರಡು ತಿಂಗಳೂ ಹೂಬಿಡುವ ನಿತ್ಯಪುಷ್ಪವೇ ಅದರ ತಾಯಿ. ಒಂದು ಗ್ರಾಂ ಔಷಧಕ್ಕೆ ಅರ್ಧ ಟನ್ನಿನಷ್ಟು ಒಣ ಎಲೆ ಬೇಕಾಗುತ್ತದಂತೆ. (ಇದನ್ನೋದಿ ಯಾರೂ ಆ ಎಲೆಯ ಕಷಾಯ ಕಾಯಿಸಬಾರದು. ಅದು ವಿಷವೇ ಸರಿ.) ನಾಲ್ಕನೆಯದು ಪ್ರೆಡ್ನಿಸೋನ್ ಎಂಬ ಸ್ಟಿರಾಯ್ಡ್ ಗುಳಿಗೆ.

ಚಾಪ್‌ಗಿಂತ ಖಾರವಾದ ಕೂಟಗಳು ಹೆಚ್ಚು ಗುಣ ಕೊಡುವುವೆಂದು 1980ರ ದಶಕದಲ್ಲಿ ವೈದ್ಯರು ನಂಬಿದ್ದರು. 899 ರೋಗಿಗಳ ಮೇಲೆ ನಾಲ್ಕು ಕೂಟಗಳನ್ನು ಹೋಲಿಸಿ ನೋಡಿದ ಪರೀಕ್ಷೆಯ ಫಲ 1993ರಲ್ಲಿ ಹೊರಬಂದಾಗ ಯಾವುದೂ ಚಾಪನ್ನು ಮೀರಿಸಿರಲಿಲ್ಲ. ಮೀರಿಸಿದ್ದು, ಕೂಡಿಕೆಯಾಗಿ ಬಂದ ರಿಟುಕ್ಸಿಮ್ಯಾಬ್ ಎಂಬ ಪ್ರತಿಕಾಯ. ಅದು ಬಿ-ಕಣದ ಮೈಮೇಲಿನ ಗುರುತನ್ನು ಹಿಡಿದು ಅಂಟಿಕೊಳ್ಳುತ್ತದೆ. ಅರವತ್ತರಿಂದ ಎಂಬತ್ತರ ನಡುವಿನ 399 ಹಿರಿಯರನ್ನು ಪರೀಕ್ಷಿಸಿದ ಫ್ರೆಂಚ್ ತಂಡ 2002ರಲ್ಲಿ ಪ್ರಕಟಿಸಿದಂತೆ, ಎರಡು ವರ್ಷದ ಬಳಿಕ ಬದುಕಿದ್ದವರು ಚಾಪ್ ಮಾತ್ರ ಪಡೆದವರಲ್ಲಿ ನೂರಕ್ಕೆ 57, ರಿಟುಕ್ಸಿಮ್ಯಾಬ್ ಸೇರಿಸಿ ಪಡೆದವರಲ್ಲಿ 70. ಅಲ್ಲಿಂದೀಚೆಗೆ 'ಆರ್-ಚಾಪ್' ಲೋಕದಾದ್ಯಂತ ರೂಢಿಯಾಯಿತು. ಇದರಿಂದ ಬಹುಪಾಲು ಮಂದಿ ಗುಣವಾಗುತ್ತಾರೆ. ಚಿಕಿತ್ಸೆಯ ನಂತರ ಎರಡು ವರ್ಷ ಕಾಯಿಲೆ ತಲೆಯೆತ್ತದಿದ್ದರೆ ಆ ಮನುಷ್ಯನ ಆಯುಷ್ಯ ಹೆಚ್ಚುಕಡಮೆ ಓರಗೆಯವರದರಂತೆಯೇ. ಆದರೆ ನೂರಕ್ಕೆ ಮೂವತ್ತರಿಂದ ನಲವತ್ತು ಮಂದಿಗೆ ಅದು ಕರಗದೆ ಉಳಿಯುತ್ತದೆ, ಇಲ್ಲವೇ ಕರಗಿ ಮರಳುತ್ತದೆ. ಮರಳುವುದು ಸಾಮಾನ್ಯವಾಗಿ ಆ ಎರಡು ವರ್ಷದೊಳಗೇ.

ಇನ್ನು ಯೋಧರ ವಿಷಯ. ವಿಯೆಟ್ನಾಂ ಯುದ್ಧದಲ್ಲಿ 1962ರಿಂದ 1971ರವರೆಗೆ ಅಮೆರಿಕದ ವಿಮಾನಗಳು ಕಾಡನ್ನು ಬೋಳಾಗಿಸಲು ಕಳೆನಾಶಕಗಳನ್ನು ಸುರಿದವು. ಒಟ್ಟು ಸುಮಾರು ಎರಡು ಕೋಟಿ ಗ್ಯಾಲನ್. ಅದರಲ್ಲಿ ಹೆಚ್ಚಿನದು ಪೀಪಾಯಿಯ ಮೇಲೆ ಕಿತ್ತಳೆ ಪಟ್ಟೆಯಿದ್ದ 'ಏಜೆಂಟ್ ಆರೆಂಜ್', ಡಯಾಕ್ಸಿನ್ ಎಂಬ ಘೋರ ವಿಷ ಬೆರೆತಿದ್ದ ಮಿಶ್ರಣ. ನದೀತೀರದ ಪೊದೆಗಳಲ್ಲಿ ಅಡಗಿದ ಶತ್ರುಗಳಿಂದ ತನ್ನ ನಾವಿಕರು ಸಾಯುತ್ತಿದ್ದುದನ್ನು ಕಂಡು, ದಡಗಳ ಮೇಲೆ ಇದನ್ನು ಸಿಂಪಡಿಸುವಂತೆ ಆಜ್ಞೆ ಮಾಡಿದವರು ಅಡ್ಮಿರಲ್ ಎಲ್ಮೋ ಜುಮ್‌ವಾಲ್ಟ್. ಅದೇ ನದಿಗಳಲ್ಲಿ ಗಸ್ತುದೋಣಿಯೊಂದರ ನಾಯಕನಾಗಿದ್ದವನು ಅವರ ಮಗ, ತಂದೆಯ ಹೆಸರನ್ನೇ ಹೊತ್ತ ಎಲ್ಮೋ. 1983ರಲ್ಲಿ ಮಗನಿಗೆ ಲಿಂಫೋಮಾ ಕಾಣಿಸಿಕೊಂಡಿತು. 1985ರಲ್ಲಿ ಹಾಡ್ಜ್‌ಕಿನ್ ಕಾಯಿಲೆಯೆಂಬ ಅದರ ಇನ್ನೊಂದು ಬಗೆಯೂ ಸೇರಿಕೊಂಡಿತು. ತಂಗಿಯ ಅಸ್ಥಿಮಜ್ಜೆಯನ್ನು ಪಡೆದು ಕಸಿ ಮಾಡಿಸಿದರೂ 1988ರ ಆಗಸ್ಟಿನಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ ಅವನು ಅಸುನೀಗಿದ. ತಂದೆಮಕ್ಕಳಿಬ್ಬರೂ ಕೂಡಿ 'ನನ್ನ ತಂದೆ, ನನ್ನ ಮಗ' ಎಂಬ ಅರ್ಥದ ಹೆಸರಿನ ಪುಸ್ತಕವನ್ನು 1986ರಲ್ಲಿ ಪ್ರಕಟಿಸಿದ್ದರು. ಆ ಆಜ್ಞೆಯಿಂದ ಅನೇಕ ನಾವಿಕರ ಜೀವ ಉಳಿಯಿತೆಂಬ ನಂಬಿಕೆಯನ್ನು ತಂದೆ ಬಿಡಲಿಲ್ಲ. ಮಗನ ಕಾಯಿಲೆಗೆ ಅದೇ ಕಾರಣವೆಂಬ ನಂಬಿಕೆಯನ್ನೂ ಬಿಡಲಿಲ್ಲ. ಎರಡನ್ನೂ ಹೊತ್ತುಕೊಂಡು, ಮಾಜಿ ಯೋಧರಿಗೆ ಪರಿಹಾರ ಸಿಗಬೇಕೆಂದು ಹೋರಾಡಿದರು. ಪುರಾಣಗಳಲ್ಲಿ ಇಂತಹ ತಂದೆಗಳನ್ನು ಕಂಡಿದ್ದೇವೆ. ನಮ್ಮ ಕಾಲದಲ್ಲಿ ಕಾಣುವೆವೆಂದು ಎಣಿಸಿರಲಿಲ್ಲ.

1990ರಲ್ಲಿ ಅಲ್ಲಿಯ ಸರಕಾರದ ಒಂದು ಅಧ್ಯಯನ, ವಿಯೆಟ್ನಾಮಿಗೆ ಹೋಗಿಬಂದವರಲ್ಲಿ ಹಾಡ್ಜ್‌ಕಿನ್ ಅಲ್ಲದ ಲಿಂಫೋಮಾದ ಸಂಭವ ಸುಮಾರು ಅರ್ಧಪಟ್ಟು ಹೆಚ್ಚೆಂದು ಕಂಡಿತು. ಆದರೆ ಹೆಚ್ಚಳ ಎದ್ದು ಕಂಡದ್ದು ಕಾಡಿನಲ್ಲಿ ನಡೆದವರಲ್ಲಲ್ಲ, ಕಡಲ ಹಡಗುಗಳಲ್ಲಿದ್ದವರಲ್ಲಿ. ವಿಷಕ್ಕೂ ಕಾಯಿಲೆಗೂ ಗಂಟು ಹಾಕಲು ಆ ಅಂಕಿಗಳು ಸಾಲವು. ಹಾಗಿದ್ದರೂ ಅದೇ ವರ್ಷ ಆ ಯೋಧರಿಗೆ ಪರಿಹಾರ ಮಂಜೂರಾಯಿತು. 1991ರ ಕಾನೂನು ಅದನ್ನು ಗಟ್ಟಿಗೊಳಿಸಿತು. ವಿಯೆಟ್ನಾಮಿನಲ್ಲಿ ಸೇವೆ ಸಲ್ಲಿಸಿದ್ದು ನಿಜವಾದರೆ, ಕಾಯಿಲೆ ಇದೇ ಆದರೆ, ಸೇವೆಯಿಂದಲೇ ಬಂತೆಂದು ಸರಕಾರ ಭಾವಿಸಿಕೊಳ್ಳಬೇಕು. ರೋಗಿ ಸಾಕ್ಷಿ ಹುಡುಕಿ ಅಲೆಯಬೇಕಾಗಿಲ್ಲ. 2022ರ ಆಗಸ್ಟಿನ ಇನ್ನೊಂದು ಕಾನೂನು, ಇರಾಕ್ ಮುಂತಾದೆಡೆ ಕಸದ ಹೊಂಡಗಳ ಹೊಗೆ ಕುಡಿದ ಯೋಧರ ಲಿಂಫೋಮಾಕ್ಕೂ ಈ ಭಾವನೆಯನ್ನು ವಿಸ್ತರಿಸಿತು. ಆ ವಿಷದ ಕೆಳಗೆಯೇ ಬಾಳಿದ ವಿಯೆಟ್ನಾಮಿನ ರೈತರಿಗೆ ಈ ಕಾನೂನುಗಳು ಅನ್ವಯಿಸವೆಂಬುದನ್ನೂ ಹೇಳದಿದ್ದರೆ ಕತೆ ಅರ್ಧವೇ.

ನಮ್ಮ ವಾಚಕರಿಗೆ ಇದನ್ನೋದುವಾಗ ಏನು ನೆನಪಾಗುವುದೆಂದು ಬಲ್ಲೆವು. ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರು ಎಂಡೋಸಲ್ಫಾನ್ ಸುರಿಸುತ್ತಿದ್ದಾಗ, ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿದ ಪೀಳಿಗೆ ನಮ್ಮದು. ಆ ವಸ್ತು ಬೇರೆ, ಈ ಕಾಯಿಲೆ ಬೇರೆ. ಒಂದಕ್ಕೊಂದು ತಳಕು ಹಾಕುವ ಅಧಿಕಾರ ನಮಗಿಲ್ಲ. ಸಂತ್ರಸ್ತರಿಗೆ ಐದೈದು ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ಆಜ್ಞಾಪಿಸಿದ್ದು 2017ರಲ್ಲಿ. 'ಭಾವಿಸಿಕೊಳ್ಳತಕ್ಕದ್ದು' ಎಂಬ ಒಂದು ಕ್ರಿಯಾಪದದ ಬೆಲೆಯೇನೆಂಬುದನ್ನು ಪಟ್ಟಿಯಲ್ಲಿ ಹೆಸರು ಸೇರಿಸಲು ವರ್ಷಗಟ್ಟಲೆ ಅಲೆದ ತಾಯಂದಿರನ್ನು ಕೇಳಬೇಕು.

ಅಮೆರಿಕದಲ್ಲಿ ಮಾಜಿ ಯೋಧರಿಗೆಂದೇ ಪ್ರತ್ಯೇಕ ಆಸ್ಪತ್ರೆಗಳ ಜಾಲವಿದೆ. ಸುಮಾರು 170 ಆಸ್ಪತ್ರೆಗಳು, ಹೆಸರು ನೋಂದಾಯಿಸಿಕೊಂಡವರು ಸುಮಾರು 90 ಲಕ್ಷ ಮಂದಿ. ಒಬ್ಬ ರೋಗಿ ಯಾವ ಊರಿಗೆ ಹೋದರೂ ಅವನ ಕಡತ ಗಣಕಯಂತ್ರದಲ್ಲಿ ಹಿಂಬಾಲಿಸುತ್ತದೆ. ಹೀಗಾಗಿ ಯಾರಿಗೆ ಮೊದಲು ಯಾವ ಔಷಧ ಕೊಟ್ಟರು, ಎಷ್ಟು ತಿಂಗಳಿಗೆ ಕಾಯಿಲೆ ಮರಳಿತು, ಆಗ ಏನು ಕೊಟ್ಟರು, ಎಷ್ಟು ಕಾಲ ಬದುಕಿದರು ಎಂಬುದನ್ನು ವಿದ್ವಾಂಸರು ಮೊದಲಿಂದ ಕೊನೆಯವರೆಗೆ ಓದಬಲ್ಲರು. ಔಷಧ ಪರೀಕ್ಷೆಗಳಿಗೆ ಆರಿಸುವ ರೋಗಿಗಳು ಸಾಮಾನ್ಯವಾಗಿ ಗಟ್ಟಿಮುಟ್ಟಾದವರು. ಯೋಧರ ಕಡತಗಳಲ್ಲಿರುವವರಾದರೋ ಹೆಚ್ಚಾಗಿ ಎಪ್ಪತ್ತರ ಆಸುಪಾಸಿನ ಗಂಡಸರು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಹೊಗೆ ಸೇದಿ ಸವೆದ ಶ್ವಾಸಕೋಶ. ನಮ್ಮೂರಿನ ರೋಗಿಗೆ ಹತ್ತಿರದ ಚಿತ್ರ ಇದೇ ಎಂದು ನಮಗೆ ತೋರಿತು.

ಇಂತಹವರಿಗೆ ಪ್ರತಿ ಔಷಧವೂ ಒಂದು ತಕರಾರು ತೆಗೆಯುತ್ತದೆ. ಆ ಕೆಂಪು ಔಷಧ ಹೃದಯದ ಸ್ನಾಯುವನ್ನು ಬಳಲಿಸುತ್ತದೆ. ಆಜೀವ ಇಷ್ಟೇ ಪಡೆಯಬಹುದೆಂಬ ಮಿತಿಯಿದೆ. ಆದ್ದರಿಂದ ಕಾಯಿಲೆ ಮರಳಿದಾಗ ಅದನ್ನೇ ಮತ್ತೆ ಕೊಡಲಾಗದು. ವಿನ್‌ಕ್ರಿಸ್ಟೀನ್ ಕೈಕಾಲ ತುದಿಗಳನ್ನು ಜೋಮು ಹಿಡಿಸುತ್ತದೆ. ಸಕ್ಕರೆ ಕಾಯಿಲೆಯಿಂದ ಮೊದಲೇ ಜೋಮು ಹಿಡಿದವರ ಪಾಡೇನು? ಸ್ಟಿರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ.

ಕಾಯಿಲೆ ಮರಳಿದವರಿಗೆ ಬಹುಕಾಲ ಇದ್ದ ದಾರಿ ಒಂದೇ. ಬೇರೆ ಔಷಧಗಳಿಂದ ಗಂಟನ್ನು ಕರಗಿಸಬೇಕು. ಕರಗಿದರೆ ರೋಗಿಯದೇ ರಕ್ತದ ಮೂಲಕಣಗಳನ್ನು ತೆಗೆದು ಹಿಮದಲ್ಲಿಟ್ಟು, ಅತಿ ಹೆಚ್ಚಿನ ಮದ್ದಿನಿಂದ ಅಸ್ಥಿಮಜ್ಜೆಯನ್ನೆಲ್ಲ ಬರಿದುಮಾಡಿ, ತೆಗೆದಿಟ್ಟ ಕಣಗಳನ್ನು ಮರಳಿ ಹಾಕಬೇಕು. ಬೀಜದ ಭತ್ತವನ್ನು ತಿರಿಯಲ್ಲಿ ಕಟ್ಟಿಟ್ಟು ಗದ್ದೆಗೆ ಬೆಂಕಿ ಹಾಕಿದ ಹಾಗೆ. 1995ರಲ್ಲಿ ಪ್ರಕಟವಾದ 'ಪಾರ್ಮಾ' ಪರೀಕ್ಷೆಯಲ್ಲಿ, ಐದು ವರ್ಷದ ಬಳಿಕ ಬದುಕಿದ್ದವರು ಕಸಿ ಮಾಡಿಸಿಕೊಂಡವರಲ್ಲಿ ನೂರಕ್ಕೆ 53, ಬರಿಯ ಔಷಧ ಪಡೆದವರಲ್ಲಿ 32. ಆದರೆ ಆ 53ರ ಹಿಂದಿನ ಲೆಕ್ಕವನ್ನೂ ನೋಡಬೇಕು. ಪರೀಕ್ಷೆಗೆ ಬಂದವರು 215 ಮಂದಿ. ಎರಡನೆಯ ಸುತ್ತಿನ ಔಷಧಕ್ಕೆ ಗಂಟು ಕರಗಿ ಕಸಿಯ ಹೋಲಿಕೆಗೆ ಆಯ್ಕೆಯಾದವರು 109. ಉಳಿದವರು ಬಾಗಿಲಲ್ಲೇ ನಿಂತರು. ಹಿರಿಯ ಯೋಧರಲ್ಲಿ ಬಾಗಿಲು ದಾಟುವವರು ಇನ್ನೂ ವಿರಳ. ಕಸಿಯ ಕೇಂದ್ರಗಳು ಆ ಜಾಲದಲ್ಲಿ ಸಿಯಾಟಲ್, ನ್ಯಾಶ್‌ವಿಲ್, ಸ್ಯಾನ್ ಆಂಟೋನಿಯೋದಂತಹ ಕೆಲವೇ ಊರುಗಳಲ್ಲಿ. ಹಳ್ಳಿಯಲ್ಲಿ ಒಂಟಿಯಾಗಿರುವ ಮುದುಕನೊಬ್ಬ ಸಾವಿರ ಮೈಲು ದಾಟಿ, ಜೊತೆಗೊಬ್ಬ ಆರೈಕೆದಾರನನ್ನು ಕರೆದುಕೊಂಡು, ವಾರಗಟ್ಟಲೆ ಅಲ್ಲಿ ತಂಗಬೇಕು. 2020ರ ಮಾರ್ಚಿಯಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ, ಒಂದೇ ಗಂಟೆಯ ದಾರಿಯ ಮಂಗಳೂರು ಎಷ್ಟು ದೂರವಾಯಿತೆಂಬುದನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಔಷಧಕ್ಕೆ ಬಗ್ಗದವರ ಸ್ಥಿತಿಯನ್ನು 636 ರೋಗಿಗಳ ದಾಖಲೆಗಳಿಂದ ಸಂಗ್ರಹಿಸಿದ 'ಸ್ಕಾಲರ್-1' ಎಂಬ ಅಧ್ಯಯನ 2017ರಲ್ಲಿ ಬಂತು. ಇವರು ಯೋಧರೇ ಎಂದಲ್ಲ, ಎಲ್ಲ ಬಗೆಯವರು. ಮುಂದಿನ ಚಿಕಿತ್ಸೆಯಿಂದ ಗಂಟು ಪೂರ್ತಿ ಮಾಯವಾದದ್ದು ನೂರರಲ್ಲಿ ಏಳು ಮಂದಿಗೆ. ಆಯುಷ್ಯದ ಮಧ್ಯಾಂಕ 6.3 ತಿಂಗಳು.

ಈ ಮಧ್ಯಾಂಕ ಎಂಬ ಪದದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅನೇಕ ಮನೆಗಳಲ್ಲಿ ಈ ಒಂದು ಪದವೇ ದೀಪವಾರಿಸಿದೆ. ನಮ್ಮ ಏಳನೆಯ ತರಗತಿಯ ಇಪ್ಪತ್ತೊಂದು ಮಕ್ಕಳನ್ನು ಎತ್ತರದ ಕ್ರಮದಲ್ಲಿ ನಿಲ್ಲಿಸಿದರೆ ಹನ್ನೊಂದನೆಯ ಮಗುವಿನ ಎತ್ತರವೇ ಮಧ್ಯಾಂಕ. ಅದು ಹನ್ನೊಂದನೆಯ ಮಗುವಿನ ಎತ್ತರ; ಕೊನೆಯ ಮಗುವಿನದಲ್ಲ, ಎಲ್ಲ ಮಕ್ಕಳದೂ ಅಲ್ಲ. ಕೊನೆಯವನು ಎಷ್ಟು ಉದ್ದವಿದ್ದರೂ ಹನ್ನೊಂದನೆಯವನ ಎತ್ತರ ಬದಲಾಗದು. 'ಮಧ್ಯಾಂಕ ಆರು ತಿಂಗಳು' ಎಂದರೆ ಅರ್ಧ ಮಂದಿ ಆರು ತಿಂಗಳಿಗಿಂತ ಹೆಚ್ಚು ಬದುಕಿದರು ಎಂದಷ್ಟೇ. ಎಷ್ಟು ಹೆಚ್ಚು ಎಂಬುದನ್ನು ಅದು ಹೇಳುವುದೇ ಇಲ್ಲ. ಅದೇ ಅಧ್ಯಯನದಲ್ಲಿ ಎರಡು ವರ್ಷದ ಬಳಿಕವೂ ಐವರಲ್ಲಿ ಒಬ್ಬರು ಬದುಕಿದ್ದರು. ಅಲ್ಲದೆ ಅದು ಔಷಧಕ್ಕೆ ಬಗ್ಗದ, ಇಲ್ಲವೇ ಕಸಿಯಾದ ಒಂದೇ ವರ್ಷದೊಳಗೆ ಕಾಯಿಲೆ ಮರಳಿದ ಮಂದಿಯ ಸಾಲು. ಹದಿನೈದು ತಿಂಗಳು ನೆಮ್ಮದಿಯಿಂದಿದ್ದು ಬಳಿಕ ಮರಳಿದವರ ಸಾಲು ಬೇರೆಯೇ. ತಪ್ಪು ಸಾಲಿನಲ್ಲಿ ನಿಂತು ತನ್ನ ಎತ್ತರ ಅಳೆದುಕೊಳ್ಳುವವರೇ ಹೆಚ್ಚು. ಹವಾಲ್ದಾರರಿಗೆ ಯಾರೋ ನೆಂಟರು ಎಲ್ಲಿಯೋ ಓದಿ 'ಆರು ತಿಂಗಳು' ಎಂದಿದ್ದರು.

2017ರಿಂದೀಚೆಗೆ ಮತ್ತೊಂದು ಬಾಗಿಲು ತೆರೆದಿದೆ. ರೋಗಿಯದೇ 'ಟಿ' ಎಂಬ ಕಾವಲುಕಣಗಳನ್ನು ತೆಗೆದು, ಪ್ರಯೋಗಶಾಲೆಯಲ್ಲಿ ಹೊಸ ಜೀನನ್ನು ಸೇರಿಸಿ, ದಂಗೆಯೆದ್ದ ಬಿ-ಕಣದ ಗುರುತನ್ನು ಕಲಿಸಿ, ಸಂಖ್ಯೆಯನ್ನು ಬೆಳೆಸಿ ಮರಳಿ ದೇಹಕ್ಕೆ ಬಿಡುವ 'ಕಾರ್-ಟಿ' ಚಿಕಿತ್ಸೆ. ಇದನ್ನು ಮೊದಲು ಪಡೆದ 101 ಮಂದಿಯಲ್ಲಿ ಐದು ವರ್ಷದ ಬಳಿಕ ನೂರಕ್ಕೆ 42ರಷ್ಟು ಮಂದಿ ಬದುಕಿದ್ದರು. ಎರಡು ಮೂರು ಸುತ್ತಿನ ಔಷಧ ಸೋತವರಲ್ಲಿ ಇಂತಹ ಸಂಖ್ಯೆ ಹಿಂದೆ ಕೇಳಿದ್ದಿಲ್ಲ. ಮೊದಲ ವರ್ಷದೊಳಗೇ ಕಾಯಿಲೆ ಮರಳಿದವರಿಗೆ ಕಸಿಯ ದಾರಿಗಿಂತ ಇದೇ ಮೇಲೆಂದು ಬಳಿಕ ಸಿದ್ಧಪಟ್ಟು, 2022ರಲ್ಲಿ ಎರಡನೆಯ ಸುತ್ತಿಗೇ ಅನುಮತಿ ದೊರೆಯಿತು. ಆದರೆ ಇದಕ್ಕೂ ಬೆಲೆಯಿದೆ. ಕೆರಳಿದ ಟಿ-ಕಣಗಳಿಂದ ತೀವ್ರ ಜ್ವರ, ರಕ್ತದೊತ್ತಡದ ಕುಸಿತ, ಕೆಲವರಿಗೆ ಮಾತು ತಡವರಿಸುವಷ್ಟು ಮೆದುಳಿನ ಗೊಂದಲ. ಅಮೆರಿಕದಲ್ಲಿ ಆರಂಭದ ಬೆಲೆ 3,73,000 ಡಾಲರ್. ಮೊದಲ ವರ್ಷಗಳಲ್ಲಿ, ಚಿಕಿತ್ಸೆಯಾದ ಮೇಲೆ ನಾಲ್ಕು ವಾರ ಆಸ್ಪತ್ರೆಯ ಸಮೀಪದಲ್ಲೇ ಇರಬೇಕೆಂಬ ನಿಯಮವಿತ್ತು. ಯೋಧರಿಗೆ ಹಣದ ಚಿಂತೆ ಕಡಮೆಯಿದ್ದರೂ ಆ ನಾಲ್ಕು ವಾರ ಜೊತೆಗಿರುವವರು ಯಾರೆಂಬ ಪ್ರಶ್ನೆ ಉಳಿಯಿತು. ಹೊಸ ಚಿಕಿತ್ಸೆ ಬಂದಿತೆಂಬ ವಾರ್ತೆಗೂ ಅದು ಮುದುಕನ ಮಂಚದವರೆಗೆ ತಲಪುವುದಕ್ಕೂ ನಡುವೆ ಎಷ್ಟೊಂದು ಹೊಳೆಗಳು!

ಅಷ್ಟು ದೂರ ಹೋಗಲಾರದವರಿಗೆ, ಹೃದಯ ತಾಳದವರಿಗೆ ಬೇರೆ ಕೆಲವು ಮದ್ದುಗಳು 2019ರ ಬಳಿಕ ಬಂದಿವೆ. ಪೊಲಾಟುಜುಮ್ಯಾಬ್ ಎಂಬುದನ್ನು ಸೇರಿಸಿದಾಗ, ಕಸಿಗೆ ಒಗ್ಗದ 80 ರೋಗಿಗಳ ಸಣ್ಣ ಪರೀಕ್ಷೆಯಲ್ಲಿ ಆಯುಷ್ಯದ ಮಧ್ಯಾಂಕ 4.7 ತಿಂಗಳಿಂದ 12.4 ತಿಂಗಳಿಗೆ ಏರಿತು. 2023ರಲ್ಲಿ ಅನುಮತಿ ಪಡೆದ ಎಪ್ಕೊರಿಟಮ್ಯಾಬ್, ಗ್ಲೋಫಿಟಮ್ಯಾಬ್ ಎಂಬವು ಒಂದು ಕೈಯಲ್ಲಿ ಬಿ-ಕಣವನ್ನೂ ಇನ್ನೊಂದು ಕೈಯಲ್ಲಿ ಟಿ-ಕಣವನ್ನೂ ಹಿಡಿದು ಮುಖಾಮುಖಿ ಮಾಡಿಸುವ ಪ್ರತಿಕಾಯಗಳು. ಕಣಗಳನ್ನು ತೆಗೆದು ಪ್ರಯೋಗಶಾಲೆಗೆ ಕಳುಹಿಸಿ ಕಾಯಬೇಕಾಗಿಲ್ಲ.

ನಮ್ಮ ದೇಶದಲ್ಲಿಯೂ ಕಾರ್-ಟಿ ದೊರೆಯುತ್ತದೆ. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳ ಶ್ರಮದಿಂದ ಸಿದ್ಧವಾದ 'ನೆಕ್ಸ್‌ಕಾರ್-19'ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆತು, 2024ರ ಏಪ್ರಿಲ್ 4ರಂದು ರಾಷ್ಟ್ರಪತಿಗಳು ಅದನ್ನು ಲೋಕಾರ್ಪಣೆ ಮಾಡಿದರು. 2025ರ ಜನವರಿಯಲ್ಲಿ ಬೆಂಗಳೂರಿನ ಸಂಸ್ಥೆಯೊಂದು ಇನ್ನೊಂದನ್ನು ಹೊರತಂದಿತು. ಅಮೆರಿಕದ ಬೆಲೆಯ ಹತ್ತರಲ್ಲೊಂದು ಭಾಗ ಎನ್ನುತ್ತಾರೆ. ಆ ಹತ್ತರಲ್ಲೊಂದು ಭಾಗವೂ ನಮ್ಮ ಅಡಕೆತೋಟದವನಿಗೆ ತೋಟವನ್ನೇ ಮಾರುವಷ್ಟಿದೆ.

ಮಾಜಿ ಯೋಧರ ಆ ಜಾಲದಿಂದ ಕಲಿಯಬಹುದಾದ ಇನ್ನೊಂದು ಸಂಗತಿ ನಮ್ಮ ಮನಸ್ಸಿಗೆ ತುಂಬ ಹಿಡಿಸಿತು. ಅಮೆರಿಕದ ಸಾಮಾನ್ಯ ವೃದ್ಧರು ಅಂತ್ಯಕಾಲದ ಉಪಶಮನ ಆರೈಕೆ ಬೇಕೆಂದರೆ ಕಾಯಿಲೆಯ ಚಿಕಿತ್ಸೆಯನ್ನು ಬಿಡಬೇಕು. ಅವರ ವಿಮೆಯ ನಿಯಮ ಹಾಗಿದೆ. ಯೋಧರಿಗೆ ಎರಡೂ ಒಟ್ಟಿಗೆ ಸಿಗುತ್ತವೆ. ರಕ್ತದ ಕಾಯಿಲೆಯವರಿಗೆ ಇದು ದೊಡ್ಡ ವಿಷಯ. ಆಗಾಗ ರಕ್ತ ಕೊಡಿಸಬೇಕಾದವನು ಅದನ್ನು ಬಿಟ್ಟು ಉಪಶಮನಕ್ಕೆ ಹೇಗೆ ಹೋದಾನು? ಈ ಒಂದು ವಿಷಯದಲ್ಲಿ ನಾವು ಗಡಿಯ ಈಚೆ ಇರುವುದು ಭಾಗ್ಯವೆಂದೇ ಹೇಳಬೇಕು. 1993ರಲ್ಲಿ ಕೋಯಿಕ್ಕೋಡಿನಲ್ಲಿ ಮೊಳೆತ ಉಪಶಮನ ಆರೈಕೆಯನ್ನು ಕೇರಳ ಸರಕಾರ 2008ರಲ್ಲಿ ತನ್ನ ನೀತಿಯಾಗಿಯೇ ಸ್ವೀಕರಿಸಿತು. ಪಂಚಾಯತಿಯ ದಾದಿ ಮನೆಬಾಗಿಲಿಗೆ ಬರುತ್ತಾಳೆ. ಅದು ಸಾಯುವವರಿಗೆ ಮಾತ್ರವೆಂದು ಭಾವಿಸಿ ಎಷ್ಟೋ ಕನ್ನಡ ಕುಟುಂಬಗಳು ಅವಳನ್ನು ಅಂಗಳದಿಂದಲೇ ಹಿಂದೆ ಕಳುಹಿಸುವುದನ್ನು ಕಂಡಿದ್ದೇವೆ. ವಾಂತಿಯನ್ನೂ ನೋವನ್ನೂ ಬಾಯಿಹುಣ್ಣನ್ನೂ ನೋಡಿಕೊಳ್ಳಲು ಚಿಕಿತ್ಸೆಯ ಮೊದಲ ದಿನದಿಂದಲೇ ಅವಳನ್ನು ಕರೆಯಬಹುದು. ಅವಳ ಮಲಯಾಳಕ್ಕೆ ನಮ್ಮ ಅಜ್ಜಿಯರ ತುಳು, ಕನ್ನಡ ಹೇಗೋ ಹೊಂದಿಕೊಳ್ಳುತ್ತವೆ.

ಮೂರು ವಾರದ ಬಳಿಕ ಕಡತವನ್ನು ಹಿಡಿದು ಹವಾಲ್ದಾರರ ಮನೆಗೆ ಹೋದೆವು. ನಮಗೆ ತಿಳಿದಷ್ಟನ್ನು ಕನ್ನಡದಲ್ಲಿ ಒಂದು ನೋಟುಪುಸ್ತಕದಲ್ಲಿ ಬರೆದಿದ್ದೆವು. ಎಷ್ಟು ಕಾಲ ಎಂಬ ಪ್ರಶ್ನೆಯ ಎದುರು ಏನನ್ನೂ ಬರೆದಿರಲಿಲ್ಲ. ಅದರ ಬದಲು ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಬರೆದಿದ್ದೆವು: ಹೊಸ ಗಂಟಿನ ತುಣುಕನ್ನು ಮತ್ತೆ ಪರೀಕ್ಷಿಸಿದ್ದೀರಾ, ಹೃದಯ ಎಷ್ಟು ತಾಳುತ್ತದೆ, ಕಸಿಗೆ ನಾನು ಯೋಗ್ಯನೇ, ಅಲ್ಲವಾದರೆ ಮುಂದಿನ ದಾರಿ ಯಾವುದು, ಮಾಜಿ ಸೈನಿಕರ ಆರೋಗ್ಯ ಯೋಜನೆ ಯಾವುದಕ್ಕೆ ಹಣ ಕೊಡುತ್ತದೆ, ಯಾವುದಕ್ಕೆ ಇಲ್ಲ. ಅವರು ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಬೆರಳಿಟ್ಟು ಓದಿದರು. 'ಮಧ್ಯಾಂಕ'ದ ಬಳಿ ನಿಂತು, ತಾವು ಏಳನೆಯ ತರಗತಿಯಲ್ಲಿ ಎತ್ತರದ ಸಾಲಿನಲ್ಲಿ ಕೊನೆಯವನಾಗಿದ್ದೆನೆಂದು ಹೇಳಿ ನಕ್ಕರು.

ಅವರ ಪರವಾನಗಿ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಎರಡನೆಯ ಸುತ್ತಿನ ಔಷಧ ಎರಡು ಸಲ ಆಗಿದೆ. ಗಂಟು ಕುಗ್ಗಿದೆ ಎಂದು ಅವರ ಸೊಸೆ ಹೇಳುತ್ತಾಳೆ. ಸ್ಕ್ಯಾನಿನ ವರದಿ ಬರುವುದು ಮುಂದಿನ ವಾರ. ಅದರ ಮೇಲೆ ಕಸಿಯ ತೀರ್ಮಾನ. ಗಣರಾಜ್ಯ ದಿನಕ್ಕೆ ಧ್ವಜದ ಹಗ್ಗವನ್ನು ಬದಲಿಸಬೇಕೆಂದು, ಹಳೆಯದು ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆಂದು ನಮಗೆ ಹೇಳಿಕಳುಹಿಸಿದ್ದಾರೆ. ಕುಂಬಳೆಯ ಅಂಗಡಿಯಿಂದ ಹನ್ನೆರಡು ಮೀಟರ್ ನೂಲಿನ ಹಗ್ಗ ತಂದಿಟ್ಟಿದ್ದೇವೆ. ಕೈಬರಹದ ವಿಷಯ ಬರುವ ತಿಂಗಳು.